ಗೋಡೆಯ ಮೇಲೆ ದಾವಣಗೆರೆಯ ಪಡಸಾಲೆ: ಪ್ರೊಜೆಕ್ಟರ್ ಕೊಳ್ಳುವ ಮುನ್ನ

ನಮಸ್ಕಾರ. ದಾವಣಗೆರೆಯ ವಿದ್ಯಾನಗರದಿಂದ ಪತ್ನಿ ಮತ್ತು ನಾಲ್ಕು ವರ್ಷದ ಮಗಳೊಂದಿಗೆ ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದಿರುವ ನೀವು, ಫೋನಿನ ಪುಟ್ಟ ಪರದೆಯಲ್ಲಿ ಅಜ್ಜ ಅಜ್ಜಿಯನ್ನು ಕಂಡ ಮಗಳು ಎರಡೇ ನಿಮಿಷಕ್ಕೆ ಎದ್ದು ಹೋಗುತ್ತಾಳೆಂದೂ, ಹಾಲ್‌ನ ಗೋಡೆಯ ಮೇಲೆ ಅವರು ದೊಡ್ಡದಾಗಿ ಕಾಣುವಂತೆ ಪ್ರೊಜೆಕ್ಟರ್ ಕೊಂಡರೆ ಉಪಯೋಗವಾದೀತೇ ಎಂದೂ ಕೇಳಿದ್ದೀರಿ. ನಾನು ಪಿ.ಜೆ. ಬಡಾವಣೆಯವನು, ಜರ್ಮನಿಗೆ ಬಂದು ಬಹಳ ವರ್ಷಗಳಾದವು, ನಮ್ಮ ಮನೆಯಲ್ಲಿ ಇದು ಈಗ ರೂಢಿಯಾಗಿದೆ. ಧಾರಾಳವಾಗಿ ಕೊಳ್ಳಿ. ಆದರೆ ಮೊದಲ ಖರ್ಚನ್ನು ದಾವಣಗೆರೆಯ ಮನೆಗೆ ಮಾಡಿ, ಪ್ರೊಜೆಕ್ಟರ್ ಆಮೇಲೆ ಬರಲಿ.

ಪ್ರೊಜೆಕ್ಟರ್ ತಾನಾಗಿ ಏನನ್ನೂ ಚೆನ್ನಾಗಿ ಮಾಡುವುದಿಲ್ಲ, ಅಲ್ಲಿಂದ ಬಂದದ್ದನ್ನೇ ಹಿಗ್ಗಿಸಿ ತೋರಿಸುತ್ತದೆ. ಅಪ್ಪ ಫೋನನ್ನು ಎದೆಯ ಮಟ್ಟದಲ್ಲಿ ಹಿಡಿದು ಮಾತನಾಡಿದರೆ ಕೈಯಲ್ಲಿರುವ ಪರದೆಯಲ್ಲಿ ಅದು ಹೇಗೋ ನಡೆದುಹೋಗುತ್ತದೆ. ಗೋಡೆಯ ಮೇಲೆ ಮಾತ್ರ ಅವರ ಗದ್ದ, ಮೂಗಿನ ಹೊಳ್ಳೆ ಮತ್ತು ಅದರಾಚೆ ತಿರುಗುವ ಫ್ಯಾನು ಇಷ್ಟೇ ಭೂತಾಕಾರವಾಗಿ ಕಾಣುತ್ತವೆ. ಫೋನನ್ನು ಉದ್ದಕ್ಕೆ ನಿಲ್ಲಿಸಿದರಂತೂ ಚಿತ್ರ ಗೋಡೆಯ ಅಗಲದಲ್ಲಿ ಮೂರನೆಯ ಒಂದು ಭಾಗವನ್ನಷ್ಟೇ ತುಂಬಿ, ಎರಡೂ ಪಕ್ಕ ಕಪ್ಪು ಉಳಿಯುತ್ತದೆ. ಆದ್ದರಿಂದ ಅಲ್ಲಿಗೆ ಒಂದು ಗಟ್ಟಿಯಾದ ಸ್ಟ್ಯಾಂಡ್ ತರಿಸಿ, ಫೋನನ್ನು ಅಡ್ಡಲಾಗಿ, ಕುಳಿತವರ ಕಣ್ಣಿನ ಎತ್ತರಕ್ಕೆ, ಸೋಫಾದಿಂದ ಏಳೆಂಟು ಅಡಿ ದೂರದಲ್ಲಿ ಇಡಿಸಿ. ಸಂಜೆ ನಮ್ಮೂರಿನ ಮನೆಗಳಲ್ಲಿ ಮುಂಬಾಗಿಲು ತೆರೆದೇ ಇರುತ್ತದೆ. ಹಿರಿಯರು ಅದಕ್ಕೆ ಬೆನ್ನು ಮಾಡಿ ಕುಳಿತರೆ ಮುಖ ಕಪ್ಪಾಗುತ್ತದೆ. ಬೆಳಕು ಅವರ ಮುಖದ ಮೇಲೆ ಬೀಳುವಂತೆ ಸೋಫಾ ತಿರುಗಿಸಲು ತಮ್ಮನಿಗೋ ಅತ್ತಿಗೆಗೋ ಹೇಳಿ. ಇಂಟರ್ನೆಟ್ ವೇಗದ ಚಿಂತೆ ಅಷ್ಟಾಗಿ ಬೇಡ. ಜೂಮ್‌ನಲ್ಲಿ ಇಬ್ಬರ ನಡುವಿನ 720ಪಿ, ಅಂದರೆ ಸಾಧಾರಣ ಎಚ್‌ಡಿ ಗುಣಮಟ್ಟದ, ಕರೆಗೆ 1.2 ಎಂಬಿಪಿಎಸ್ ಸಾಕು, ಫೈಬರ್ ಇರುವ ಮನೆಯಲ್ಲಿ ಅಷ್ಟು ಸಿಕ್ಕೇ ಸಿಗುತ್ತದೆ. ಕರೆಂಟು ಹೋದಾಗ ಕರೆ ಕಡಿಯದಂತೆ ರೂಟರ್‌ಗೆ ಒಂದು ಪುಟ್ಟ ಯುಪಿಎಸ್ ಹಾಕಿಸಿಬಿಡಿ.

ಇನ್ನು ಇಲ್ಲಿಯ ಕೋಣೆ. ಚಳಿಗಾಲದಲ್ಲಿ ನಮಗೂ ಊರಿಗೂ ನಾಲ್ಕೂವರೆ ಗಂಟೆಯ ಅಂತರ; ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಮುಂದೆ ಹೋದ ಮೇಲೆ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮೂರೂವರೆ ಗಂಟೆ. ಊರಿನಲ್ಲಿ ದೀಪ ಹಚ್ಚಿ ಎಲ್ಲರೂ ಪಡಸಾಲೆಗೆ ಬರುವ ಏಳು ಗಂಟೆಗೆ ಇಲ್ಲಿ ಮಧ್ಯಾಹ್ನ ಎರಡೂವರೆಯೋ ಮೂರೂವರೆಯೋ ಆಗಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕೂವರೆಯ ಹೊತ್ತಿಗೇ ಕತ್ತಲಾಗುವ ದೇಶವಿದು, ಆದರೂ ಕತ್ತಲಿಗಾಗಿ ಕಾಯುತ್ತ ಕುಳಿತರೆ ಅಲ್ಲಿ ಹಿರಿಯರು ಮಲಗುವ ಸಮಯವಾಗುತ್ತದೆ. ಹೀಗಾಗಿ ನಮ್ಮ ಕರೆಗಳೆಲ್ಲ ಹಗಲಿನಲ್ಲೇ. ಇಲ್ಲಿಯ ಅನೇಕ ಮನೆಗಳ ಕಿಟಕಿಗೆ ಹೊರಗಿನಿಂದ ಇಳಿಬಿಡುವ, ಬೆಳಕು ತಡೆಯುವ ರೋಲ್‌ಲಾಡೆನ್ ಎಂಬ ಪಟ್ಟಿಗಳ ಮರೆ ಇರುತ್ತದೆ. ನಿಮ್ಮಲ್ಲಿ ಇದ್ದರೆ ಸಾಧಾರಣ ಬೆಲೆಯ, 500 ಆನ್ಸಿ ಲೂಮೆನ್‌ನ (ಪ್ರಮಾಣಿತ ವಿಧಾನದಲ್ಲಿ ಅಳೆದ ಬೆಳಕಿನ ಪ್ರಮಾಣ) ಪ್ರೊಜೆಕ್ಟರ್ ಸಾಲುತ್ತದೆ; ಇಲ್ಲದಿದ್ದರೆ 2000 ಲೂಮೆನ್ನಿನದನ್ನು ಕೊಂಡರೂ ಜೂನ್ ತಿಂಗಳ ಬಿಸಿಲಿಗೆ ಅಜ್ಜಿಯ ಸೀರೆಯ ಬಣ್ಣ ತಿಳಿಯುವುದಿಲ್ಲ. ಡಬ್ಬಿಯ ಮೇಲೆ ಸಾವಿರಗಟ್ಟಲೆ ಬರೆದಿರುವ ಬರೀ ‘ಲೂಮೆನ್’ ಅಂಕಿಯನ್ನು ನಂಬಬೇಡಿ, ಆನ್ಸಿ ಎಂದು ನಮೂದಾಗಿದೆಯೇ ನೋಡಿ. 4ಕೆ ಬೇಡ. ಅಲ್ಲಿಂದ ಬರುವ ಚಿತ್ರವೇ ಅಷ್ಟು ಸೂಕ್ಷ್ಮವಾಗಿರುವುದಿಲ್ಲ. ಬಾಡಿಗೆ ಮನೆಗಳ ಗೋಡೆಗೆ ಸಾಮಾನ್ಯವಾಗಿ ರೌಫಾಸರ್ ಎಂಬ ತರಿತರಿ ಕಾಗದ ಅಂಟಿಸಿರುತ್ತಾರೆ. ಅದರ ಮೇಲೆ ಬಿದ್ದ ಮುಖಕ್ಕೆಲ್ಲ ಸಣ್ಣ ಗುಳ್ಳೆ ಎದ್ದಂತೆ ಕಾಣುವುದರಿಂದ, ನೆಲದ ಮೇಲಿಟ್ಟು ಮೇಲಕ್ಕೆಳೆಯುವ ಪರದೆಯೊಂದನ್ನು ತಂದುಕೊಳ್ಳುವುದು ಒಳಿತು.

ಪ್ರೊಜೆಕ್ಟರನ್ನು ಎಲ್ಲಿ ಇಡುತ್ತೀರಿ ಎಂಬುದು ಅದರ ಬೆಲೆಗಿಂತ ಮುಖ್ಯ. ಸಿನಿಮಾ ನೋಡುವವರಂತೆ ಸೋಫಾದ ಹಿಂದೆ ಇಟ್ಟರೆ ಅದರ ಬೆಳಕು, ಪರದೆಯ ಬುಡದಲ್ಲಿ ನಿಮ್ಮತ್ತ ಮುಖ ಮಾಡಿರುವ ವೆಬ್‌ಕ್ಯಾಮೆರಾಗೆ ನೇರವಾಗಿ ಹೊಡೆದು, ಊರಿನವರಿಗೆ ಬಿಳಿಯ ಪ್ರಭೆಯೊಳಗೆ ನಿಮ್ಮ ನೆರಳಷ್ಟೇ ಕಾಣುತ್ತದೆ. ಅಲ್ಲದೆ ಮಗಳು ಅಜ್ಜಿಯ ಕೆನ್ನೆ ಮುಟ್ಟಲು ಗೋಡೆಗೆ ಓಡಿಹೋಗುತ್ತಾಳೆ, ಕೈ ಚಾಚಿದೊಡನೆ ಅವಳ ನೆರಳೇ ಅಜ್ಜಿಯ ಮುಖವನ್ನು ನುಂಗಿಬಿಡುತ್ತದೆ; ಗಾಬರಿಯಿಂದ ಹಿಂದಕ್ಕೆ ತಿರುಗಿದರೆ ಬೆಳಕು ಕಣ್ಣಿಗೇ ಬೀಳುತ್ತದೆ. ಪರದೆಗೆ ಒಂದು ಮೀಟರ್ ಒಳಗೇ, ತಗ್ಗಾದ ಟೀಪಾಯಿಯ ಮೇಲೆ ಇಡಬಹುದಾದ ಶಾರ್ಟ್ ಥ್ರೋ ಬಗೆಯದನ್ನು ಆರಿಸಿದರೆ ಇವೆರಡು ಕಷ್ಟವೂ ಬಹುಮಟ್ಟಿಗೆ ತಪ್ಪುತ್ತವೆ. ಕತ್ತಲು ಮಾಡಿದ ಕೋಣೆಯಲ್ಲಿ ನೀವೇ ಕಾಣದಂತಾಗಬಾರದು. ಪರದೆಗೆ ಬೆಳಕು ತಾಗದಂತೆ, ನಿಮ್ಮ ಮುಖದ ಕಡೆಗೆ ಮಾತ್ರ ತಿರುಗಿಸಿದ ಒಂದು ಮೇಜಿನ ದೀಪ ಬೇಕೇ ಬೇಕು. ಚಿತ್ರವನ್ನು ಗೋಡೆ ತುಂಬ ಹಿಗ್ಗಿಸುವ ಆಸೆಯನ್ನೂ ಬಿಡಿ. ಸೋಫಾದ ಮೇಲೆ ಕುಳಿತ ಇಬ್ಬರು ನಿಜವಾದ ಗಾತ್ರದಲ್ಲಿ ಕಾಣಲು ಒಂದೂವರೆ ಎರಡು ಮೀಟರ್ ಅಗಲ ಸಾಕು. ಅದಕ್ಕಿಂತ ದೊಡ್ಡದಾದರೆ ಮಕ್ಕಳು ಬೆದರುತ್ತಾರೆ.

ಧ್ವನಿಯ ವಿಷಯದಲ್ಲಿ ನಾನು ಹೆಚ್ಚು ಹಟಮಾರಿ. ಪ್ರೊಜೆಕ್ಟರಿನ ಸ್ಪೀಕರ್ ಕ್ಷೀಣವಾದದ್ದು, ಅದರ ಫ್ಯಾನಿನ ಸದ್ದು ಬೇರೆ. ಬ್ಲೂಟೂತ್ ಸ್ಪೀಕರಿನಲ್ಲಿ ಧ್ವನಿ ತಡವಾಗಿ ಬರುವುದುಂಟು. ಮೈಕು ಮತ್ತು ಸ್ಪೀಕರ್ ಒಂದರಲ್ಲೇ ಇರುವ, ಕಚೇರಿಯ ಮೀಟಿಂಗ್‌ಗೆ ಬಳಸುವ ಯುಎಸ್‌ಬಿ ಸ್ಪೀಕರ್‌ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ ಮಾತು ಮರುದನಿಸುವುದಿಲ್ಲ. ಚಿತ್ರವನ್ನೂ ಫೋನಿನಿಂದ ಬಿತ್ತರಿಸುವ ಬದಲು ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಕೇಬಲ್ ಮೂಲಕವೇ ಕೊಡಿ. ವಾಟ್ಸಾಪ್ ಈಗ ಕಂಪ್ಯೂಟರಿನಲ್ಲೂ ವಿಡಿಯೊ ಕರೆ ಮಾಡುತ್ತದೆ. ಬೆಂಗಳೂರಿನ ಅಕ್ಕನನ್ನೂ ಸೇರಿಸಿಕೊಂಡು ಗೂಗಲ್ ಮೀಟ್‌ನಲ್ಲಿ ಕೂರುವುದಾದರೆ, ಉಚಿತ ಖಾತೆಯಲ್ಲಿ ಮೂವರು ಅಥವಾ ಹೆಚ್ಚು ಮಂದಿಯ ಕರೆ 60 ನಿಮಿಷಕ್ಕೆ ನಿಲ್ಲುತ್ತದೆ ಎಂಬುದು ನೆನಪಿರಲಿ.

ಇದೆಲ್ಲ ದಿನನಿತ್ಯದ ಐದು ನಿಮಿಷದ ವಿಚಾರಣೆಗಲ್ಲ, ಅದಕ್ಕೆ ಫೋನೇ ಸರಿ. ಮಾತನಾಡಲೇಬೇಕೆಂಬ ಒತ್ತಾಯವಿಲ್ಲದ ದೀರ್ಘ ಕರೆಗೆ ಪ್ರೊಜೆಕ್ಟರ್ ಹೇಳಿಮಾಡಿಸಿದ್ದು. ಭಾನುವಾರ ಅವ್ವ ಅಲ್ಲಿ ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿರುತ್ತಾರೆ, ಅಪ್ಪ ಪತ್ರಿಕೆ ಓದುತ್ತಾರೆ, ನಾವು ಇಲ್ಲಿ ಬಟ್ಟೆ ಮಡಚುತ್ತೇವೆ. ನಡುನಡುವೆ ಒಂದು ಮಾತು. ನಿಮ್ಮ ಮಗಳು ಆಟದ ಸಾಮಾನು ಹರಡಿಕೊಂಡು ಅಲ್ಲೇ ಕೂರುವುದು ಇಂಥ ಕರೆಯಲ್ಲೇ ಹೊರತು, ‘ಅಜ್ಜಿಗೆ ಹಾಡು ಹೇಳು’ ಎಂದು ಪೀಡಿಸುವ ಕರೆಯಲ್ಲಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ನೆಂಟರೆಲ್ಲ ಮನೆಯಲ್ಲಿ ನೆರೆದಾಗಲೂ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಫೋನು ದಾಟಿಸುವ ಗೋಜಿರುವುದಿಲ್ಲ. ಆದರೆ ನೀವು ದೊಡ್ಡ ಪರದೆಯಲ್ಲಿ ನೋಡುತ್ತಿದ್ದೀರಿ, ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ ಎಂಬುದನ್ನು ಆರಂಭದಲ್ಲೇ ಅವರಿಗೆ ಹೇಳಿಬಿಡಿ. ಸ್ನಾನ ಮುಗಿಸಿ ಒದ್ದೆ ತಲೆಯಲ್ಲಿ ಹೊರಬಂದ ಅಜ್ಜಿಗೆ, ಇಲ್ಲಿ ನಿಮ್ಮ ಸಹೋದ್ಯೋಗಿಗಳೂ ಕುಳಿತಿದ್ದಾರೆಂದು ಆಮೇಲೆ ತಿಳಿದರೆ ಮುಂದಿನ ವಾರ ಅವರು ಕ್ಯಾಮೆರಾದ ಮುಂದೆ ಬರುವುದಿಲ್ಲ.

ಪ್ರೊಜೆಕ್ಟರ್ ಕೊಂಡರೆ ಇಲ್ಲಿಯ ಟಿವಿ-ರೇಡಿಯೊ ಶುಲ್ಕ ಹೆಚ್ಚುತ್ತದೆಯೇ ಎಂದೂ ಕೇಳಿದ್ದೀರಿ. ಹೆಚ್ಚುವುದಿಲ್ಲ; ಆ ಶುಲ್ಕ 2013ರಿಂದ ಉಪಕರಣಗಳ ಮೇಲಿಲ್ಲ, ಮನೆಗೊಂದರಂತೆ ಇದೆ. ಊರಿನಿಂದ ತರುವುದಾದರೆ ಎರಡೂ ಕಡೆ 230 ವೋಲ್ಟ್ ಆದ್ದರಿಂದ ಪ್ಲಗ್ ಅಡಾಪ್ಟರ್ ಒಂದೇ ಸಾಕು, ಆದರೆ ಅಲ್ಲಿಯ ವಾರಂಟಿ ಇಲ್ಲಿ ಸಾಮಾನ್ಯವಾಗಿ ನಡೆಯದ ಕಾರಣ ಇಲ್ಲೇ ಕೊಳ್ಳಿ ಎನ್ನುತ್ತೇನೆ. ಹಾಗೆಯೇ, ರಾತ್ರಿ ಹತ್ತರ ನಂತರ ಮತ್ತು ಭಾನುವಾರ ಇಡೀ ದಿನ ಇಲ್ಲಿ ಸದ್ದು ಗೋಡೆ ದಾಟಬಾರದು. ದೂರದ ದೇಶವೆಂದು ನಮ್ಮ ಹಿರಿಯರು ಕೂಗಿಯೇ ಮಾತನಾಡುತ್ತಾರೆ, ಅವರಿಗೆ ಹೇಳಿ ಪ್ರಯೋಜನವಿಲ್ಲ; ನಿಮ್ಮ ಕಡೆಯ ಸ್ಪೀಕರನ್ನೇ ತಗ್ಗಿಸಿಟ್ಟುಕೊಳ್ಳಿ.