ಮೊಳಕಾಲ್ಮುರು ಕಡೆ ಬಿಪಿ, ಶುಗರ್ ತಿಳುವಳಿಕೆ ಹೇಗೆ ನಡೆಯುತ್ತೆ

ಗಡಿ ಊರುಗಳಲ್ಲಿ ಬಿಪಿ, ಶುಗರ್ ಬಗ್ಗೆ ದೊಡ್ಡವರಿಗೆ ತಿಳಿಹೇಳುವ ಕಾರ್ಯಕ್ರಮಗಳಿಂದ ನಿಜಕ್ಕೂ ಏನಾದರೂ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಆದರೆ ಹೇಳುವವರು ಯಾರು, ಯಾವ ಹೊತ್ತಿನಲ್ಲಿ ಬಂದು ಹೇಳ್ತಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಮೊದಲು ನಮ್ಮ ಜಾಗ ತಿಳ್ಕೊಳ್ಳಿ. ಚಿತ್ರದುರ್ಗ ಜಿಲ್ಲೆಯಲ್ಲಿದ್ದರೂ ಮೊಳಕಾಲ್ಮುರಿಗೆ ಜಿಲ್ಲಾ ಕೇಂದ್ರಕ್ಕಿಂತ ಆಂಧ್ರದ ರಾಯದುರ್ಗವೇ ಹತ್ತಿರ. ಮನೆಯೊಳಗೆ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಹೆಣ್ಣು ಕೊಡೋದು ತರೋದು ಆ ಕಡೆಗೂ ಉಂಟು. ಮಳೆ ಕಡಿಮೆ, ಹೊಲದಲ್ಲಿ ಶೇಂಗಾ, ಪೇಟೆಯಲ್ಲಿ ರೇಷ್ಮೆ ಮಗ್ಗ. ಇಂಥ ಕಡೆ ಜನ ಹೇಳೋ ಮೊದಲ ಮಾತು, "ನಾವು ಮುದ್ದೆ ಉಂಬೋರು, ನಮಗ್ಯಾಕೆ ಶುಗರ್ ಬರ್ತೈತೆ?" ಆ ನಂಬಿಕೆಯನ್ನ ಒಂದೇ ಏಟಿಗೆ ತಳ್ಳಿಹಾಕಬೇಡಿ. ದಿನವಿಡೀ ಹೊಲದಲ್ಲಿ ದುಡಿದು ಮುದ್ದೆ, ನವಣೆ, ಸಾಮೆ ಉಣ್ಣುತ್ತಿದ್ದ ಕಾಲದವರ ಮಾತದು. ಈಗ ರಾತ್ರಿ ಊಟಕ್ಕೆ ಬಿಳಿ ಅನ್ನ, ಹೊಲ ಉಳೋಕೆ ಟ್ರ್ಯಾಕ್ಟರ್, ಸಂಜೆ ಮಿರ್ಚಿ ಮಂಡಕ್ಕಿ, ದಿನಕ್ಕೆ ನಾಲ್ಕೈದು ಸಲ ಸಕ್ಕರೆ ಜಾಸ್ತಿ ಹಾಕಿದ ಟೀ. ಇದನ್ನ ಅವರೇ ಲೆಕ್ಕ ಹಾಕಿ ನೋಡುವ ಹಾಗೆ ಮಾತಾಡಿಸಬೇಕು.

ಸರ್ಕಾರದ ವ್ಯವಸ್ಥೆ ಇದೆ, ಕಾಗದದ ಮೇಲೆ ಚೆನ್ನಾಗಿಯೇ ಇದೆ. 30 ವರ್ಷ ದಾಟಿದ ಎಲ್ಲರನ್ನೂ ತಪಾಸಣೆ ಮಾಡಬೇಕು: ಬಿಪಿ, ಶುಗರ್, ಬಾಯಿ ಕ್ಯಾನ್ಸರ್, ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್. ಆಶಾ ಕಾರ್ಯಕರ್ತೆ ಮನೆಗೆ ಬಂದು ಒಂದು ಫಾರಂ ತುಂಬ್ತಾರೆ. ವಯಸ್ಸು, ಹೊಗೆಸೊಪ್ಪು, ಕುಡಿತ, ಸೊಂಟದ ಸುತ್ತಳತೆ, ವಾರಕ್ಕೆ 150 ನಿಮಿಷ ಮೈ ಬಗ್ಗಿಸ್ತೀರಾ, ಅಪ್ಪ ಅಮ್ಮನಿಗೆ ಬಿಪಿ ಶುಗರ್ ಇತ್ತಾ, ಪ್ರತಿಯೊಂದಕ್ಕೂ ಅಂಕ. 4ಕ್ಕಿಂತ ಜಾಸ್ತಿ ಬಂದವರನ್ನ ಮೊದಲು ತಪಾಸಣೆಗೆ ಕಳಿಸಬೇಕು. ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ದಾಟಿದರೆ ಅಂಕ ಏರುತ್ತೆ. ಟೇಪು ಹಿಡಿದು ಸೊಂಟ ಅಳೆದಾಗಲೇ ಬಹಳ ಜನಕ್ಕೆ ಮೊದಲ ಸಲ ಭಯ ಹುಟ್ಟೋದು. ನನ್ನ ಪ್ರಕಾರ ಗೋಡೆಗೆ ಹಚ್ಚುವ ಹತ್ತು ಪೋಸ್ಟರಿಗಿಂತ ಆ ಟೇಪೇ ಹೆಚ್ಚು ಕೆಲಸ ಮಾಡುತ್ತೆ.

ಕೆಲಸ ಕೆಡೋದು ಎಲ್ಲಿ ಅಂದರೆ ಬೆಳಿಗ್ಗೆ ಹನ್ನೊಂದಕ್ಕೆ ಮೈಕ್ ಹಚ್ಚಿ ಮಾಡುವ ಭಾಷಣದಲ್ಲಿ. ಆ ಹೊತ್ತಲ್ಲಿ ಊರಲ್ಲಿ ಇರೋರು ಮುದುಕರು, ಮಕ್ಕಳು. ಕೇಳಬೇಕಾದ ನಲವತ್ತರ ಗಂಡಸು ಹೊಲದಲ್ಲೋ ಮಗ್ಗದಲ್ಲೋ ಇರ್ತಾನೆ, ಇಲ್ಲಾ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋಗಿರ್ತಾನೆ. ಅದೇ ಸ್ತ್ರೀಶಕ್ತಿ ಸಂಘದ ಹೆಂಗಸರು ಉಳಿತಾಯದ ದುಡ್ಡು ಕಟ್ಟೋಕೆ ಸಂಜೆ ಕೂತಾಗ ಮಾತೆತ್ತಿ ನೋಡಿ. ಅಡುಗೆಗೆ ಉಪ್ಪು, ಎಣ್ಣೆ ಹಾಕುವ ಕೈಗಳೇ ಅಲ್ಲಿ ಕೂತಿರ್ತವೆ.

ಉಪ್ಪಿನ ಮಾತು ನಮ್ಮಲ್ಲಿ ನಾಟಿದ್ದು ಹಾಗೇ. ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಗ್ರಾಂ ಲೆಕ್ಕ ಒಲೆ ಮುಂದೆ ಯಾರಿಗೆ ಗೊತ್ತಾಗಬೇಕು? ಪ್ಯಾಕೆಟ್ ಲೆಕ್ಕ ಹೇಳಿ. ನಾಲ್ಕು ಜನ ದೊಡ್ಡವರಿರುವ ಮನೆಗೆ ದಿನಕ್ಕೆ 20 ಗ್ರಾಂ, ಅಂದರೆ ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಹೋಟೆಲ್ ತಿಂಡಿಯ ಉಪ್ಪು ಇದಕ್ಕೆ ಸೇರಿಲ್ಲ, ಹಾಗಾಗಿ ಇನ್ನೂ ಜಾಸ್ತಿ ದಿನ ಬರಬೇಕು. "ನಮ್ಮನೇಲಿ ತಿಂಗಳಿಗೆ ಎರಡು ಬೇಕಲ್ಲ!" ಅಂತ ಒಬ್ಬಾಕೆ ಅಂದರೆ ಪಕ್ಕದಾಕೆ ತನ್ನ ಮನೆಯದು ಎಣಿಸೋಕೆ ಶುರುಮಾಡ್ತಾಳೆ. ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅಂದರೆ ಸಾಕು, ಮುಂದಿನ ಸಭೆಗೆ ಅವರೇ ಲೆಕ್ಕ ತರ್ತಾರೆ. ಕಡ್ಡಿಪುಡಿಯ ಮಾತೂ ಅಲ್ಲೇ ಆಗಬೇಕು. ಗಂಡಸರ ಬೀಡಿ ಎಲ್ಲರಿಗೂ ಕಾಣುತ್ತೆ, ಹೆಂಗಸರ ಎಲೆಯಡಿಕೆ ಚೀಲದೊಳಗಿನ ಹೊಗೆಸೊಪ್ಪನ್ನ ಯಾರೂ ಕೇಳಲ್ಲ.

ಹೀಗೆ ಊರಿನವರೇ ಗುಂಪು ಕಟ್ಟಿ ಒಬ್ಬರಿಗೊಬ್ಬರು ತಿಳಿಹೇಳುವ ಕ್ರಮವನ್ನ ಕೇರಳದಲ್ಲಿ ಸರಿಯಾಗಿ ಪರೀಕ್ಷಿಸಿದ್ದಾರೆ. ತಮಿಳುನಾಡಿಗೆ ಅಂಟಿಕೊಂಡ ನೆಯ್ಯಾಟ್ಟಿನ್‌ಕರ ತಾಲ್ಲೂಕಿನ 60 ಮತಗಟ್ಟೆ ಪ್ರದೇಶಗಳಲ್ಲಿ, ಶುಗರ್ ಬರುವ ಅಪಾಯ ಇದ್ದ ಸುಮಾರು ಸಾವಿರ ಜನರ ಮೇಲೆ. ಫಲಿತಾಂಶ ಹೊರಬಂದದ್ದು 2018ರಲ್ಲಿ. ಎರಡು ವರ್ಷದಲ್ಲಿ ಗುಂಪಿಗೆ ಸೇರಿದವರಲ್ಲಿ ಶೇ. 14.9 ಮಂದಿಗೆ, ಉಳಿದವರಲ್ಲಿ ಶೇ. 17.1 ಮಂದಿಗೆ ಶುಗರ್ ಬಂತು. ಈ ವ್ಯತ್ಯಾಸವನ್ನ ಖಚಿತ ಅನ್ನುವಷ್ಟು ಅಂಕಿಅಂಶ ಗಟ್ಟಿ ಇರಲಿಲ್ಲ. ಆದರೆ ಕುಡಿತ ಕಡಿಮೆಯಾಯ್ತು, ಹಣ್ಣು ತರಕಾರಿ ತಿನ್ನೋದು ಹೆಚ್ಚಾಯ್ತು. ಯಾರಾದರೂ ಬಂದು ಆರು ತಿಂಗಳಲ್ಲಿ ಶುಗರ್ ಓಡಿಸ್ತೀವಿ ಅಂದರೆ ನಾನು ಈ ಅಂಕಿಗಳನ್ನೇ ಮುಂದಿಡ್ತೀನಿ.

ಗಡಿಯ ತೊಂದರೆ ಬೇರೆಯೇ ಇದೆ. ಬಿಪಿ ಗೊತ್ತಾಗೋದು ರಾಯದುರ್ಗದಲ್ಲಿ, ಚೀಟಿ ತೆಲುಗಲ್ಲಿ, ಗುಳಿಗೆ ತಗೊಳ್ಳಬೇಕಾದ್ದು ಇಲ್ಲಿ. ಗುಳೆ ಹೋದರೆ ಅದೂ ತಪ್ಪುತ್ತೆ. "ಮೈ ಹಗುರಾಗೈತೆ, ಬಿಟ್ಟೆ" ಅಂತಾರೆ. ಬಿಪಿ ಏರಿದರೂ ಮೈಗೆ ಏನೂ ಗೊತ್ತಾಗದೇ ಇರಬಹುದು ಅನ್ನೋ ಒಂದು ವಿಷಯ ತಲೆಗೆ ಹೋದರೆ ಎಷ್ಟೋ ಲಕ್ವ ತಪ್ಪುತ್ತೆ. ಬರುವವರಿದ್ದರೆ ಎರಡೂ ಭಾಷೆ ಆಡುವವರನ್ನ ಕರ್ಕೊಂಡು ಬನ್ನಿ, ಶೇಂಗಾ ಕೀಳುವ ಸಮಯ ಬಿಟ್ಟು ಬನ್ನಿ, ಸಂಜೆ ಏಳರ ಮೇಲೆ ಬನ್ನಿ. ಬಿಪಿ ಮಿಷನ್ ಮರೀಬೇಡಿ.