ಮಾಂಸಾಹಾರಿ ಗುಂಪಿನ ಕರಡಿ ಶೇಂಗಾ ಯಾಕೆ ತಿನ್ನುತ್ತದೆ?

ಪ್ರಶ್ನೆ: ಸರ್, ಕರಡಿ ಹುಲಿ, ನಾಯಿಗಳಿರುವ ಮಾಂಸಾಹಾರಿ ಗುಂಪಿಗೆ ಸೇರಿದ್ದು ಅಂತ ಮಗಳ ಪುಸ್ತಕದಲ್ಲಿದೆ. ನಮ್ಮ ಹೊಲಕ್ಕೆ ಬರೋ ಕರಡಿ ಶೇಂಗಾ ಕಿತ್ತು ತಿನ್ನುತ್ತೆ. ಯಾವುದು ಸರಿ? ಮುಂದೆ ಇದು ಪೂರ್ತಿ ಸಸ್ಯಾಹಾರಿ ಆಗಿಬಿಡುತ್ತಾ?
— ಓದುಗರು, ಜಗಳೂರು ತಾಲ್ಲೂಕು

ಉತ್ತರ: ಎರಡೂ ಸರಿ. ಪುಸ್ತಕ ಹೇಳುವುದು ಕರಡಿಯ ವಂಶ. ನೀವು ನೋಡಿದ್ದು ಅದರ ಊಟ.

ದಾವಣಗೆರೆಯಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವಾಗ ನಾನು ಬೆಕ್ಕಿನ ದವಡೆಯಿಂದಲೇ ಶುರು ಮಾಡುತ್ತಿದ್ದೆ. ಅದರ ಹಿಂಬದಿಯ ಹಲ್ಲುಗಳು ಮೇಲೆ ಕೆಳಗೆ ಉಜ್ಜಿ ಕತ್ತರಿಯ ಹಾಗೆ ಮಾಂಸ ಕೊಯ್ಯುತ್ತವೆ. ಕರಡಿಯ ಪೂರ್ವಜರಿಗೂ ಅಂಥ ಹಲ್ಲುಗಳಿದ್ದವು. ಸುಮಾರು 2 ಕೋಟಿ ವರ್ಷ ಹಿಂದೆ ಯುರೋಪ್ ಮತ್ತು ಏಷ್ಯಾದಲ್ಲಿದ್ದ ಉರ್ಸಾವಸ್ ಎಂಬ ಸಣ್ಣ ಕರಡಿಯ ಕಾಲಕ್ಕಾಗಲೇ ಬದಲಾವಣೆ ಕಾಣುತ್ತದೆ. ಕೊಯ್ಯುವ ಹಲ್ಲು ಚಿಕ್ಕದಾಗುತ್ತಾ ಬಂತು. ಹಿಂದಿನ ದವಡೆ ಹಲ್ಲುಗಳು ಅಗಲವಾಗಿ, ಗುಬ್ಬು ಗುಬ್ಬಾಗಿ, ಹಣ್ಣು ಬೀಜ ಅರೆಯಲು ತಯಾರಾದವು. ಕೋರೆಹಲ್ಲು ಮಾತ್ರ ಹಾಗೇ ಉಳಿಯಿತು.

ಯಾಕೆ ಹೀಗಾಯಿತು? ಬೇಟೆ ದಿನಾ ಸಿಗುವುದಿಲ್ಲ. ಹಣ್ಣು, ಗೆಡ್ಡೆ, ಹುಳ, ಜೇನು, ಸತ್ತ ಪ್ರಾಣಿ, ಹೀಗೆ ಯಾವ ಕಾಲಕ್ಕೆ ಯಾವುದು ಸಿಗುತ್ತೋ ಅದನ್ನು ತಿನ್ನಬಲ್ಲ ಕರಡಿಗಳು ಬದುಕಿ ಮರಿ ಹಾಕಿದವು. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಸುಮಾರು 35 ಲಕ್ಷ ವರ್ಷ ಹಳೆಯ ಕರಡಿ ಪಳೆಯುಳಿಕೆಗಳು ಸಿಕ್ಕಿವೆ. ಅವುಗಳ ಹಲ್ಲು ಹುಳುಕಾಗಿತ್ತು! ಚಳಿಗಾಲಕ್ಕೆ ಮುಂಚೆ ಸಿಹಿ ಹಣ್ಣು ತಿಂದು ಕೊಬ್ಬು ಬೆಳೆಸಿಕೊಳ್ಳುತ್ತಿದ್ದವು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗಂತೂ ಗೊತ್ತಿಲ್ಲ. ಬೆಕ್ಕಿನ ಜಾತಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ಕರಡಿಗಳು ಅದನ್ನು ಕಳೆದುಕೊಳ್ಳಲಿಲ್ಲ.

ಹೊಟ್ಟೆ ಮಾತ್ರ ಬದಲಾಗಲಿಲ್ಲ. ಹಸು ಎಮ್ಮೆಗಿರುವಂಥ ಮೆಲುಕು ಹಾಕುವ ಹೊಟ್ಟೆ ಇಲ್ಲ, ಕರುಳೂ ಸರಳ. ಅದಕ್ಕೇ ಕರಡಿ ಒಣ ಹುಲ್ಲು ಮೇಯುವುದಿಲ್ಲ. ಬೇಗ ಜೀರ್ಣವಾಗುವ, ಸಿಹಿ ಅಥವಾ ಎಣ್ಣೆ ಅಂಶ ಇರುವುದನ್ನೇ ಹುಡುಕುತ್ತದೆ. ನಿಮ್ಮ ಶೇಂಗಾದಲ್ಲಿ ಎಣ್ಣೆಯೂ ಇದೆ, ಪ್ರೋಟೀನೂ ಇದೆ, ಮಣ್ಣು ಕೆದರಿದರೆ ಸಾಕು. ಅದು ಬರದೇ ಇನ್ನೇನು ಮಾಡೀತು?

ನಮ್ಮ ಕಡೆಯ ಕರಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಇದರ ಮೇಲಿನ ಎರಡು ನಡು ಬಾಚಿಹಲ್ಲುಗಳೇ ಇಲ್ಲ. ಉಗುರಿನಿಂದ ಹುತ್ತ ಒಡೆದು, ಮೂಗಿನ ಹೊಳ್ಳೆ ಮುಚ್ಚಿ, ಉದ್ದ ತುಟಿ ಚಾಚಿ, ಆ ಸಂದಿಯಿಂದ ಗೆದ್ದಲನ್ನು ಹೀರುತ್ತದೆ. ಬಾರೆ, ಕವಳೆ, ನೇರಳೆ ಹಣ್ಣಾಗುವ ಕಾಲದಲ್ಲಿ ಊಟ ಆ ಕಡೆ ತಿರುಗುತ್ತದೆ. ಜೋಗಿಮಟ್ಟಿಯಂಥ ಕುರುಚಲು ಗುಡ್ಡಗಳಲ್ಲಿ ಈ ಗಿಡಗಳು ಉಳಿಯಲೇಬೇಕು. ಸುಮ್ನೆ ನೀಲಗಿರಿ ನೆಟ್ಟರೆ ಕರಡಿ ಏನು ತಿನ್ನಬೇಕು?

ಪೂರ್ತಿ ಸಸ್ಯಾಹಾರಿ ಆಗುತ್ತಾ ಅಂದಿರಿ. ಪಾಂಡಾ ಹೆಚ್ಚುಕಡಿಮೆ ಹಾಗಾಗಿದೆ. ಆದರೆ ಕರುಳು ಮಾಂಸಾಹಾರಿಯದೇ. ತಿಂದ ಬಿದಿರಿನಲ್ಲಿ ಐದನೇ ಒಂದು ಭಾಗವೂ ಜೀರ್ಣವಾಗುವುದಿಲ್ಲ. ಹಾಗಾಗಿ ದಿನದ ಅರ್ಧ ಹೊತ್ತು ತಿನ್ನುತ್ತಲೇ ಇರಬೇಕು. ಹಿಮಕರಡಿ ಇದಕ್ಕೆ ಉಲ್ಟಾ. ಕಂದು ಕರಡಿಯ ಹತ್ತಿರದ ಸಂಬಂಧಿಯಾದ ಅದು ಮತ್ತೆ ಬೇಟೆಗೇ ತಿರುಗಿ, ಸೀಲ್‌ಗಳ ಕೊಬ್ಬಿನ ಮೇಲೆ ಬದುಕುತ್ತಿದೆ. ನಿಮ್ಮ ಹೊಲದ ಕರಡಿಯ ಬಾಯಿ ಗೆದ್ದಲು ಹೀರುವುದಕ್ಕೇ ಹೊಂದಿಕೊಂಡಿದೆ. ಹುತ್ತಗಳು ಇರುವ ತನಕ ಅದು ಹುಳ ಬಿಡುವುದಿಲ್ಲ.