ಜರ್ಮನಿಯಲ್ಲಿ ಹಳ್ಳಿಮನೆಯೋ, ಫ್ಲ್ಯಾಟೋ? ಕೈತೋಟ ಬೇಕು ಅನ್ನುವವರಿಗೆ

ನಮಸ್ಕಾರ ಮೇಡಂ. ಯಜಮಾನರಿಗೆ ಸ್ಟುಟ್‌ಗಾರ್ಟ್ ಹತ್ತಿರದ ಬೋಬ್ಲಿಂಗನ್‌ನಲ್ಲಿ ಕೆಲಸ, ಮಗುವಿಗೆ ನಾಲ್ಕು ವರ್ಷ, ಹಾಸನದ ಹಿತ್ತಿಲು ಬಿಟ್ಟು ಬರೋದೇ ದೊಡ್ಡ ಸಂಕಟ ಅಂತ ಬರೆದಿದ್ದೀರಿ. ಹೆಚ್ಚುಕಮ್ಮಿ ಒಂದೇ ಬಾಡಿಗೆಗೆ ಎರಡು ಮನೆ ನೋಡಿದ್ದೀರಿ. ಒಂದು ಆಲ್ಬ್ ಗುಡ್ಡದ ಮೇಲಿನ ಹಳ್ಳಿಯಲ್ಲಿ 140 ಚದರ ಮೀಟರಿನ ಹಳೇ ಮನೆ, ಸುತ್ತ ತೋಟ. ಇನ್ನೊಂದು ಹೆರೆನ್‌ಬರ್ಗ್‌ನಲ್ಲಿ 75 ಚದರ ಮೀಟರಿನ ಫ್ಲ್ಯಾಟ್, ದಕ್ಷಿಣಕ್ಕೆ ಬಾಲ್ಕನಿ. ನಿಮ್ಮ ಪ್ರಶ್ನೆಗೆ ಇಲ್ಲಿ ಉತ್ತರ ಬರೆದ ಎಲ್ಲರೂ ತೋಟದ ಮನೆ ಬಿಡಬೇಡಿ ಅಂದಿದ್ದಾರೆ. ನಾನು ಸ್ಟುಟ್‌ಗಾರ್ಟ್ ಕಡೆಯೇ ಇರುವವನು, ನನ್ನ ಸಲಹೆ ಬೇರೆ. ಮೊದಲ ಚಳಿಗಾಲ ಫ್ಲ್ಯಾಟಿನಲ್ಲಿ ಕಳೆಯಿರಿ. ಮಣ್ಣನ್ನು ಬೇರೆ ಕಡೆ ಬಾಡಿಗೆಗೆ ಹಿಡಿಯಿರಿ. ಇಲ್ಲಿ ಅದು ಸಾಧ್ಯ, ಮುಂದೆ ಹೇಳುತ್ತೇನೆ.

ಮೊದಲು ಬಾಡಿಗೆಯ ಲೆಕ್ಕ. ಜಾಹೀರಾತಿನಲ್ಲಿ ಕಾಣುವುದು ಸಾಮಾನ್ಯವಾಗಿ ಕಾಲ್ಟ್‌ಮೀಟೆ, ಮನೆ ಬಿಸಿ ಮಾಡುವ ಖರ್ಚು ಅದರಲ್ಲಿ ಇರಲ್ಲ. ಮನೆ ತೋರಿಸುವಾಗ ಮಾಲೀಕರು ಎನರ್ಗೀಔಸ್‌ವೈಸ್ ಅನ್ನೋ ಕಾಗದ ತೋರಿಸಲೇಬೇಕು. ಒಂದು ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ (ಕರೆಂಟ್ ಬಿಲ್ಲಿನಲ್ಲಿರುವ ಯೂನಿಟ್ಟೇ, kWh) ಶಾಖ ಬೇಕು ಅನ್ನೋದು ಅದರಲ್ಲಿ ಇರುತ್ತದೆ. ಗೋಡೆಗೆ ಇನ್ಸುಲೇಷನ್ ಇಲ್ಲದ ಹಳೇ ಮನೆಗಳಲ್ಲಿ 200 ಅನ್ನೋದು ಅಪರೂಪವೇನಲ್ಲ. 140 ಚದರ ಮೀಟರಿಗೆ 28,000 ಯೂನಿಟ್ ಆಯಿತು. ಒಂದು ಲೀಟರ್ ಹೀಟಿಂಗ್ ಎಣ್ಣೆಯಿಂದ ಸುಮಾರು 10 ಯೂನಿಟ್ ಬರುತ್ತದೆ, ಅಂದರೆ 2,800 ಲೀಟರ್. ಲೀಟರಿಗೆ ಒಂದು ಯೂರೊ ಅಂತ ಹಿಡಿದರೂ 2,800 ಯೂರೊ. ಇಡೀ ಮನೆ ನೀವು ಹಿಡಿದರೆ ಟ್ಯಾಂಕರ್ ಕರೆಸಿ ಒಂದೇ ಸಲ ತುಂಬಿಸಿ ದುಡ್ಡು ಕೊಡೋದು ಎಷ್ಟೋ ಸಲ ಬಾಡಿಗೆಯವರ ತಲೆಗೇ ಬರುತ್ತದೆ. ಅದೇ ಫ್ಲ್ಯಾಟಿನಲ್ಲಿ 90 ಯೂನಿಟ್ ಅಂದುಕೊಳ್ಳಿ, ಒಟ್ಟು 6,750 ಸಾಕು. ಮೇಲೆ ಕೆಳಗೆ ಮನೆಗಳಿದ್ದರೆ ಅವರ ಬಿಸಿಯೂ ನಿಮಗೆ ಸಿಗುತ್ತದೆ. ಈಗ ಹೇಳಿ, ಎರಡರ ಬಾಡಿಗೆ ಒಂದೇನಾ?

ಇನ್ನು ಓಡಾಟ. ಹೆರೆನ್‌ಬರ್ಗ್ ಎಸ್1 ಅನ್ನೋ ಲೋಕಲ್ ರೈಲಿನ ಕೊನೆಯ ನಿಲ್ದಾಣ, ಬೋಬ್ಲಿಂಗನ್‌ಗೆ ಕಾಲು ಗಂಟೆಯ ದಾರಿ. ಆಲ್ಬ್ ಹಳ್ಳಿಗಳಲ್ಲಿ ಬಸ್ಸು ಬಹುಪಾಲು ಶಾಲೆಯ ಸಮಯಕ್ಕೆ ಹೊಂದಿಕೊಂಡಿರುತ್ತದೆ. ಸಂಜೆ ಮೇಲೆ, ಭಾನುವಾರ ಸಿಗೋದು ಕಷ್ಟ. ಕಾರು ಕೊಳ್ಳುತ್ತೇವೆ ಅನ್ನಬಹುದು. ಆದರೆ ನಮ್ಮ ಊರಿನ ಲೈಸೆನ್ಸ್ ಇಲ್ಲಿ ವಾಸ ಶುರುವಾದ ಮೇಲೆ 6 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗಬೇಕು. ಥಿಯರಿಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಪ್ರಾಕ್ಟಿಕಲ್ ಜರ್ಮನ್‌ನಲ್ಲೇ. ನನಗೆ ನಿಮ್ಮ ಯಜಮಾನರಿಗಿಂತ ನಿಮ್ಮ ಚಿಂತೆಯೇ ಜಾಸ್ತಿ. ಅವರು ಬೆಳಗ್ಗೆ ಕಾರು ತಗೊಂಡು ಹೋದ ಮೇಲೆ, ಡಿಸೆಂಬರಿನ ಎಂಟು ಗಂಟೆಯ ಹಗಲಿನಲ್ಲಿ, ಭಾಷೆ ಬಾರದ ಊರಲ್ಲಿ ಮಗುವಿನ ಜೊತೆ ಒಬ್ಬರೇ ಇರಬೇಕಾಗುತ್ತದೆ. ಮಗುವಿಗೆ ಜ್ವರ ಬಂದರೆ ಡಾಕ್ಟರ್ ಹತ್ತಿರ ನೀವೇ ನಡೆದುಕೊಂಡು ಹೋಗುವಂತಿರಬೇಕು. ಹಿಮ ಬಿದ್ದ ದಿನ ಮನೆ ಮುಂದಿನ ಫುಟ್‌ಪಾತಿನ ಹಿಮ ತೆಗೆಯೋದೂ ಎಷ್ಟೋ ಸಲ ಒಪ್ಪಂದದ ಪ್ರಕಾರ ಬಾಡಿಗೆಯವರ ಕೆಲಸವೇ ಆಗಿರುತ್ತದೆ, ಅದೂ ಬೆಳಗ್ಗೆ ಬೇಗ. ಹಳ್ಳಿಯಲ್ಲಿ ಶಿಶುವಿಹಾರದ ಸೀಟು ಕೆಲವೊಮ್ಮೆ ಸುಲಭವಾಗಿ ಸಿಗುತ್ತದೆ, ಅದನ್ನು ಒಪ್ಪುತ್ತೇನೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರ್ತೀನಿ, ಮಣ್ಣಿಗೆ. ಇಲ್ಲಿ ಕ್ಲೈನ್‌ಗಾರ್ಟನ್ ಅಂತ ಇದೆ. ಊರಿನ ಅಂಚಿನಲ್ಲಿ ಬೇಲಿ ಹಾಕಿದ ತುಂಡು ತೋಟಗಳು, ಸಂಘದ ಮೂಲಕ ಗೇಣಿಗೆ ಕೊಡುತ್ತಾರೆ. 1983ರ ಕಾನೂನಿನ ಪ್ರಕಾರ ಒಂದೊಂದು 400 ಚದರ ಮೀಟರಿನವರೆಗೆ ಇರಬಹುದು. ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕು ಗುಂಟೆ! ಹಾರೆ, ಗುದ್ದಲಿ ಇಡಲು, ಮಳೆ ಬಂದರೆ ಕೂರಲು 24 ಚದರ ಮೀಟರಿನವರೆಗೆ ಒಂದು ಪುಟ್ಟ ಮನೆ ಕಟ್ಟಬಹುದು, ಆದರೆ ಅಲ್ಲೇ ವಾಸ ಮಾಡುವ ಹಾಗಿಲ್ಲ. ಕನಿಷ್ಠ ಮೂರನೇ ಒಂದು ಭಾಗದಲ್ಲಿ ತರಕಾರಿ, ಹಣ್ಣು ಬೆಳೆಯಲೇಬೇಕು ಅನ್ನೋ ನಿಯಮವೂ ಇದೆ. ನಿಮಗೆ ಇದಕ್ಕಿಂತ ಒಳ್ಳೇ ನಿಯಮ ಬೇಕಾ? ಗೇಣಿ ಕಡಿಮೆ. ಹಿಂದಿನವರ ಗಿಡ, ಗುಡಿಸಲಿಗೆ ಒಂದಿಷ್ಟು ಹಣ ಕೊಡಬೇಕಾಗಬಹುದು. ದೊಡ್ಡ ಊರುಗಳಲ್ಲಿ ಕಾಯುವ ಪಟ್ಟಿ ಉದ್ದ ಇದೆ. ಅದಕ್ಕೇ ಬಂದು ವಿಳಾಸ ನೋಂದಾಯಿಸಿದ ವಾರವೇ ಸುತ್ತಲಿನ ಎರಡು ಮೂರು ಸಂಘಗಳಲ್ಲಿ ಹೆಸರು ಬರೆಸಿ. ಈ ಸೀಮೆಯಲ್ಲಿ ಸೇಬು, ಪೇರಳೆ ಮರಗಳಿರುವ ಹುಲ್ಲುಗಾವಲಿನ ತುಂಡುಗಳೂ ಇವೆ, ಸ್ಟ್ಯೂಕ್ಲೆ ಅಂತಾರೆ. ವಯಸ್ಸಾದವರು ನೋಡಿಕೊಳ್ಳಲು ಆಗದೆ ಬೇರೆಯವರಿಗೆ ಕೊಡುವುದುಂಟು, ಪಂಚಾಯ್ತಿ ಪತ್ರಿಕೆಯ ಜಾಹೀರಾತು ನೋಡುತ್ತಿರಿ.

ಇನ್ನು ಬೇಲಿ ಮೇಲೆ ಹಬ್ಬಿಸಬೇಕು ಅಂತಿದ್ದೀರಲ್ಲ, ಆ ಅವರೆ. ನಮ್ಮ ನಾಟಿ ಅವರೆ ಹಗಲು ಕಡಿಮೆಯಾದಾಗಲೇ ಹೂ ಬಿಡೋದು. ಜೂನ್‌ನಲ್ಲಿ ಇಲ್ಲಿ ಹಗಲು 16 ಗಂಟೆ. ಬಳ್ಳಿ ಬರೀ ಸೊಪ್ಪಾಗಿ ಹಬ್ಬುತ್ತದೆ, ಹೂ ಕಾಣುವ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟಿ ಎಲ್ಲ ಸುಟ್ಟುಹೋಗುತ್ತದೆ. ಎತ್ತರದ ಆಲ್ಬ್ ಮೇಲೆ ಈ ಚಳಿ ಇನ್ನೂ ಬೇಗ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದ ನೋಡಲ್ಲ, ಪೊದೆಯಾಗಿಯೇ ಬೆಳೆಯುತ್ತವೆ. ಬಾಲ್ಕನಿಯ ದೊಡ್ಡ ಕುಂಡಕ್ಕೆ ಅವು ಸರಿ. ಆದರೆ ಬೀಜವಾಗಲಿ, ಕರಿಬೇವಿನ ಸಸಿಯಾಗಲಿ ರೋಗ, ಕೀಟ ಇಲ್ಲ ಅನ್ನೋ ಫೈಟೊಸ್ಯಾನಿಟರಿ ಪ್ರಮಾಣಪತ್ರ ಇಲ್ಲದೆ ಸೂಟ್‌ಕೇಸಿನಲ್ಲಿ ತರಬೇಡಿ, ಯುರೋಪ್ ಒಕ್ಕೂಟದಲ್ಲಿ ಅದಕ್ಕೆ ಅವಕಾಶ ಇಲ್ಲ. ಕರಿಬೇವು ನಿಂಬೆಯ ಕುಟುಂಬದ್ದು, ಅದರ ಜೊತೆ ಬರುವ ರೋಗ, ಕೀಟ ದಕ್ಷಿಣ ಯುರೋಪಿನ ಕಿತ್ತಳೆ ತೋಟಗಳಿಗೆ ದೊಡ್ಡ ಭಯ. ಸಸಿ ಇಲ್ಲೇ ಕೊಂಡು ಚಳಿಗಾಲದಲ್ಲಿ ದಕ್ಷಿಣದ ಕಿಟಕಿಯ ಹತ್ತಿರ ಇಡಿ. ಮೆಂತ್ಯ, ಕೊತ್ತಂಬರಿ, ದಂಟು ಸಲೀಸಾಗಿ ಬರುತ್ತವೆ. ಮೆಣಸಿನ ಸಸಿಯನ್ನು ಮಾತ್ರ ಮೇ 15ರ ತನಕ ಹೊರಗೆ ನೆಡಬೇಡಿ, ಅಲ್ಲಿಯವರೆಗೆ ಚಳಿ ತಿರುಗಿ ಬರೋದುಂಟು.

ಒಂದು ಚಳಿಗಾಲ ಕಳೆದು, ಲೈಸೆನ್ಸ್ ಕೈಗೆ ಬಂದ ಮೇಲೂ ಹಳ್ಳಿಯೇ ಬೇಕು ಅನ್ನಿಸಿದರೆ ಖಂಡಿತ ಹೋಗಿ. ಮನೆಯನ್ನು ನವೆಂಬರಿನಲ್ಲಿ, ಕತ್ತಲಾದ ಮೇಲೆ ಬಸ್ಸಿನಲ್ಲೇ ಹೋಗಿ ನೋಡಿ. ಈಗ ಯಾವ ಮನೆ ಹಿಡಿದರೂ ಒಪ್ಪಂದದಲ್ಲಿ ಕ್ಯುಂಡಿಗುಂಗ್ಸ್‌ಫರ್ಟ್ಸಿಷ್ಟ್, ಅಂದರೆ ಇಷ್ಟು ಕಾಲ ನೋಟಿಸ್ ಕೊಡಲ್ಲ ಅನ್ನೋ ಷರತ್ತು ಇದೆಯಾ ಹುಡುಕಿ. ಅದು ಇಲ್ಲದಿದ್ದರೆ 3 ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಇದ್ದರೆ ನಾಲ್ಕು ವರ್ಷದವರೆಗೂ ಸಿಕ್ಕಿಕೊಳ್ಳಬಹುದು. ಫ್ಲ್ಯಾಟಿನಲ್ಲಿ ಅಡುಗೆಮನೆ ಸಾಮಾನು ಇದೆಯಾ ಕೇಳಿ, ಎಷ್ಟೋ ಕಡೆ ಸಿಂಕ್ ಕೂಡ ಇರಲ್ಲ. ಎರಡೂ ಮನೆಯ ಎನರ್ಗೀಔಸ್‌ವೈಸ್ ಕಳಿಸಲು ಮಾಲೀಕರಿಗೆ ಇವತ್ತೇ ಬರೆಯಿರಿ. ಬಂದ ಮೇಲೆ ವಿಳಾಸ ಮರೆಮಾಡಿ ಇಲ್ಲೇ ಫೋಟೊ ಹಾಕಿ, ನಾನು ಓದಿ ಲೆಕ್ಕ ಹಾಕಿ ಹೇಳ್ತೀನಿ.